‘ಸರಿ ಮಾಡು’ ಅಂದರೆ ಏನು ಮಾಡು? ಜತೆಗೆ ‘ಮಚ್ಚ’ ಪದದ ಬಗ್ಗೆ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ಹುಬ್ಬಳ್ಳಿಯಿಂದ ನಮಸ್ಕಾರ.

ಎರಡು ಪದಗಳ ಬಗ್ಗೆ ಕೇಳಬೇಕಾಗಿದೆ. ಒಂದು, ನಾವೆಲ್ಲ ದಿನಕ್ಕೆ ಹತ್ತಾರು ಸಲ ಆಡುವ ‘ಸರಿ ಮಾಡು’. ಇನ್ನೊಂದು, ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಯ ‘ಮಚ್ಚ’. ಎರಡೂ ಒಂದೇ ಕೆಲಸದಲ್ಲಿ, ಒಂದರ ಮರುದಿನ ಇನ್ನೊಂದು ಎದುರಾದವು. ಸಂದರ್ಭ ಹೇಳದೆ ಪ್ರಶ್ನೆ ಅರ್ಥವಾಗದು, ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ.

ನಾನು ವಿದ್ಯಾನಗರದ ಸಣ್ಣ ಆಫೀಸೊಂದರಲ್ಲಿ ವೆಬ್ ಆ್ಯಪ್‌ಗಳನ್ನು ಟೆಸ್ಟ್ ಮಾಡುತ್ತೇನೆ. ಈಗ ಕೈಯಲ್ಲಿರುವುದು ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರ ಆ್ಯಪ್. ಪರದೆಯ ಮೇಲಿನ ಪ್ರತಿ ಮಾತೂ ಕನ್ನಡ: ಆವಕ, ಚೀಲ, ತೂಕ, ಡಬ್ಬಿ, ಕಡ್ಡಿ, ಉಳಿಸು. ಟೆಸ್ಟ್ ಅಂದರೆ ಆ್ಯಪ್ ಕೊಡುವ ಉತ್ತರ ನಾವು ಬರೆದಿಟ್ಟ ಉತ್ತರಕ್ಕೆ ಹೊಂದುತ್ತದೆಯೇ ಎಂದು ನೋಡುವ ಸಣ್ಣ ಪ್ರೋಗ್ರಾಂ. ಮೊದಲೆಲ್ಲ ಅವನ್ನು ಸಾಲು ಸಾಲಾಗಿ ನಾವೇ ಬರೆಯುತ್ತಿದ್ದೆವು. ಈಗ ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ತೆರೆದರೆ ಎಐ ಸಹಾಯಕ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಕನ್ನಡದಲ್ಲೇ ಹೇಳುತ್ತೇನೆ: ‘ಮೂರು ಚೀಲದ ತೂಕ ಹಾಕು, ಉಳಿಸು ಒತ್ತು, ಒಟ್ಟು ನೋಡು.’ ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ, ಬ್ರೌಸರನ್ನು ಪ್ರೋಗ್ರಾಂನಿಂದ ನಡೆಸುವ ಪ್ಲೇರೈಟ್ ಎಂಬ ಸಾಧನದ ಮೂಲಕ ಅದು ಬ್ರೌಸರ್ ತೆರೆಯುತ್ತದೆ. ಪುಟದ ಚಿತ್ರ ನೋಡುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು ಬಳಸುವ ಮಾಹಿತಿ ಇದೆಯಲ್ಲ, ಅದನ್ನೇ ಓದಿಕೊಳ್ಳುತ್ತದೆ: ಇದು ಬಟನ್, ಇದರ ಹೆಸರು ‘ಉಳಿಸು’. ಆಮೇಲೆ ಟೆಸ್ಟ್ ಬರೆದು, ತಾನೇ ಓಡಿಸಿ, ಕೆಂಪು ಬಂದರೆ, ಅಂದರೆ ಟೆಸ್ಟ್ ಫೇಲಾದರೆ, ದೋಷದ ಸಂದೇಶ ಓದಿ ಮತ್ತೆ ತಿದ್ದುತ್ತದೆ. ಹೀಗಾಗಿ ಬಟನ್ನಿನ ಮೇಲಿನ ಕನ್ನಡಕ್ಕೆ ಎಷ್ಟು ಬೆಲೆಯೋ ನಾನು ಅದಕ್ಕೆ ಹೇಳುವ ಕನ್ನಡಕ್ಕೂ ಅಷ್ಟೇ ಬೆಲೆ.

ಹೋದ ವಾರ ಆದದ್ದು ಇದು. ‘ಉಳಿಸು’ ಎಂಬ ಬಟನ್ನಿಗೆ ದಲಾಲರು ‘ಜಮಾ ಮಾಡು’ ಎಂಬ ಹೆಸರು ಕೇಳಿದರು, ಬದಲಾಯಿತು. ಹಳೆಯ ಟೆಸ್ಟುಗಳೆಲ್ಲ ಬಟನ್ ಸಿಗದೆ ಬಿದ್ದವು. ನಾನು ಸಹಾಯಕಕ್ಕೆ ಬರೆದೆ: ‘ಬಿದ್ದ ಟೆಸ್ಟುಗಳನ್ನು ಸರಿ ಮಾಡು.’ ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲವೂ ಹಸಿರು, ಅಂದರೆ ಪಾಸ್. ಬದಲಾದ ಸಾಲುಗಳ ಮೇಲೆ ಕಣ್ಣಾಡಿಸಿದೆ. ಎಲ್ಲ ಕಡೆ ‘ಉಳಿಸು’ ಹೋಗಿ ‘ಜಮಾ ಮಾಡು’ ಬಂದಿತ್ತು. ಒಂದು ಸಾಲಿನಲ್ಲಿ ಮಾತ್ರ 142 ಹೋಗಿ 141 ಬಂದಿತ್ತು.

ಆ ಟೆಸ್ಟಿನಲ್ಲಿ ಮೂರು ಚೀಲ: 47.5, 46, 48.5 ಕಿಲೋ. ಒಟ್ಟು 142. ಅದೇ ವಾರ ನಮ್ಮವರೇ ಯಾರೋ ತೂಕ ಓದುವ ಕಡೆ, ಬರೆದದ್ದನ್ನು ಪೂರ್ಣಾಂಕ ಮಾಡುವ ‘ಪಾರ್ಸ್‌ಇಂಟ್’ ಎಂಬ ಆದೇಶ ಹಾಕಿದ್ದರು. ಅದು ಚುಕ್ಕಿಯ ಮುಂದಿನದನ್ನು ಬಿಟ್ಟುಬಿಡುತ್ತದೆ. 47, 46, 48 ಕೂಡಿದರೆ 141. ಟೆಸ್ಟ್ ಹಿಡಿಯಬೇಕಾಗಿದ್ದ ತಪ್ಪೇ ಅದು, ಹಿಡಿದೂ ಇತ್ತು. ಸಹಾಯಕವು ಪರದೆಯ ಮೇಲಿನ 141ಕ್ಕೆ ಹೊಂದುವಂತೆ ಟೆಸ್ಟಿನ ಉತ್ತರವನ್ನೇ ತಿದ್ದಿ ಹಸಿರು ಮಾಡಿತ್ತು. ನೋಡದೇ ಹೋಗಿದ್ದರೆ ರೈತನೊಬ್ಬನ ಒಂದು ಕಿಲೋ ಮೆಣಸಿನಕಾಯಿ ಪ್ರತಿ ಲಾಟಿನಲ್ಲೂ ಲೆಕ್ಕದಿಂದ ಜಾರುತ್ತಿತ್ತು.

ಮನೆಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಉಣಕಲ್ ದಾಟಿ ನವಲೂರು ಬರುವವರೆಗೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನಾನು ಹೇಳಿದ್ದನ್ನೇ ಅದು ಮಾಡಿತಲ್ಲ!

ಯಾಕೆಂದರೆ ‘ಸರಿ’ಗೆ ನಮ್ಮಲ್ಲಿ ‘ಸಮ’ ಎಂಬ ಅರ್ಥ ಗಟ್ಟಿಯಾಗಿದೆ. ಸರಿಪಾಲು, ಸರಿಜೋಡಿ, ಸರಿಸಾಟಿ, ಸರಿದೂಗಿಸು. ಇವುಗಳಲ್ಲಿ ಎಲ್ಲೂ ಒಳಿತು ಕೆಡುಕಿನ ಮಾತಿಲ್ಲ, ಎರಡು ಕಡೆ ಒಂದೇ ಆಗಬೇಕು ಅಷ್ಟೆ. ‘ಲೆಕ್ಕ ಸರಿ ಮಾಡು’ ಎಂದಾಗಲೂ ಹಾಗೇ. ತಪ್ಪು ಹುಡುಕಿ ತಿದ್ದಿದರೂ ಲೆಕ್ಕ ಸರಿಯಾಗುತ್ತದೆ, ಕೊನೆಯ ಅಂಕಿಯನ್ನು ಒರೆಸಿ ಬೇರೆ ಬರೆದರೂ ಸರಿಯಾಗುತ್ತದೆ. ಒಬ್ಬ ಮನುಷ್ಯನಿಗೆ ಹೇಳಿದರೆ ಎರಡನೆಯದು ಕಳ್ಳತನ ಅಂತ ಅವನಿಗೆ ಗೊತ್ತಿರುತ್ತದೆ. ಈ ಸಹಾಯಕಕ್ಕೆ ಹೇಳುವಾಗ ಪದವೇ ಆ ಗೆರೆ ಎಳೆಯಬೇಕು.

ಇಂಗ್ಲಿಷಿನಲ್ಲಿಯೂ ಈ ತೊಡಕು ಇದೆ. ಪ್ಲೇರೈಟ್ 2025ರಲ್ಲಿ, 1.56ನೇ ಆವೃತ್ತಿಯಲ್ಲಿ, ಒಂದೊಂದು ಕೆಲಸಕ್ಕೆ ಒಂದರಂತೆ ಮೂರು ಏಜೆಂಟುಗಳನ್ನು, ಅಂದರೆ ಎಐ ಸಹಾಯಕಗಳನ್ನು, ತಂದಿತು: ಪ್ಲಾನರ್, ಜನರೇಟರ್, ಹೀಲರ್. ಮೊದಲಿನದು ಏನೇನು ಪರೀಕ್ಷಿಸಬೇಕೆಂದು ಯೋಜಿಸುತ್ತದೆ, ಎರಡನೆಯದು ಟೆಸ್ಟ್ ಬರೆಯುತ್ತದೆ, ಹೀಲರ್ ಬಿದ್ದ ಟೆಸ್ಟನ್ನು ದುರಸ್ತಿ ಮಾಡುತ್ತದೆ. ಆ್ಯಪೇ ಕೆಟ್ಟಿದೆ ಅನ್ನಿಸಿದರೆ ಟೆಸ್ಟನ್ನು ಹಸಿರು ಮಾಡದೆ ಬದಿಗಿಡಬೇಕು ಎಂಬುದು ಅದಕ್ಕೆ ಕೊಟ್ಟ ಕಟ್ಟಳೆ. ಹೀಲರ್‌ಗೆ ಕನ್ನಡದಲ್ಲಿ ‘ಗುಣಪಡಿಸುವ ಏಜೆಂಟ್’ ಎಂದು ಬರೆದದ್ದನ್ನು ಕಂಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಗುಣವಾದದ್ದು ಯಾರಿಗೆ, ಟೆಸ್ಟಿಗೋ ಆ್ಯಪಿಗೋ ಎಂಬುದನ್ನು ಆ ಪದ ಮುಚ್ಚಿಬಿಡುತ್ತದೆ. ‘ದುರಸ್ತಿ’ ವಾಸಿ, ನಮ್ಮ ಕಡೆ ಗ್ಯಾರೇಜಿನಿಂದ ಹಿಡಿದು ಗಿರಣಿವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು.

ಇನ್ನು ‘ಮಚ್ಚ’. ನನ್ನ ಜತೆ ಕೆಲಸ ಮಾಡುವ ಹುಡುಗಿ ಗದಗಿನವಳು, ಪತ್ತಾರರ ಮನೆತನ. ಮರುದಿನ 141ರ ಕಥೆ ಹೇಳಿದಾಗ ಆಕೆ ಅಂದಳು: ‘ಸರ್, ಇದು ಬಂಗಾರ ಕಡಿಮಿ ಬಿತ್ತಂತ ಮಚ್ಚಾನ ಬದ್ಲಿ ಮಾಡಿಧಂಗ ಆತಲ್ರೀ.’ ಮಚ್ಚ ಅಂದರೆ ಇಷ್ಟೇ ಅಪ್ಪಟ ಎಂದು ಮೊದಲೇ ಗೊತ್ತಿರುವ ಬಂಗಾರದ ಚೂರು. ಗಿರಾಕಿ ತಂದ ಬಂಗಾರವನ್ನು ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆಯುತ್ತಾರೆ, ಪಕ್ಕದಲ್ಲೇ ಮಚ್ಚದ ಗೆರೆ. ಆ್ಯಸಿಡ್ ಹಚ್ಚಿ ಎರಡರ ಬಣ್ಣ ತಾಳೆ ನೋಡುತ್ತಾರೆ. ಆಕೆಯ ಅಜ್ಜ ಆ ಚೂರುಗಳನ್ನು ಬೇರೆ ಡಬ್ಬಿಯಲ್ಲಿಟ್ಟು, ಮನೆಯ ಹುಡುಗರಿಗೆ ಮುಟ್ಟಲು ಕೊಡುತ್ತಿರಲಿಲ್ಲವಂತೆ.

ಕೇಳಿ ಮೈ ಜುಮ್ಮೆಂದಿತು. ಟೆಸ್ಟ್ ಬರೆಯುವವರು ‘ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ’ ಅನ್ನುತ್ತೇವಲ್ಲ, ಇಂಥದ್ದೇ ಉತ್ತರ ಬರಬೇಕು ಎಂದು ಮೊದಲೇ ಬರೆದಿಟ್ಟ ಅಂಕಿ, ಅದು ಮಚ್ಚವೇ. ನಾನು ಈವರೆಗೆ ಅದಕ್ಕೆ ‘ನಿರೀಕ್ಷಿತ ಬೆಲೆ’ ಎಂದು ಬರೆಯುತ್ತಿದ್ದೆ. ದಲಾಲರಿಗೆ ವರದಿ ಕಳಿಸಿದಾಗ ‘ನಿರೀಕ್ಷಿತ ಬೆಲೆ 142’ ಎಂಬುದನ್ನು ಅವರು ಮೆಣಸಿನಕಾಯಿಯ ದರ ಎಂದೇ ಓದಿ ಫೋನು ಮಾಡಿದ್ದರು. ‘ನಿರೀಕ್ಷಿತ ಮೌಲ್ಯ’ ಎಂದರೂ ನಿರೀಕ್ಷೆ ಹುಸಿಯಾಗಬಹುದು, ಬದಲಾಗಬಹುದು ಎಂಬ ಸಡಿಲ ಉಳಿದೇ ಉಳಿಯುತ್ತದೆ. ಮಚ್ಚಕ್ಕೆ ಆ ಸಡಿಲವಿಲ್ಲ. ಹಾಗೆಯೇ ಎರಡನ್ನೂ ಹೋಲಿಸುವ ಕೆಲಸಕ್ಕೆ ‘ತಾಳೆ’ ಸಾಕು. ‘ತಾಳೆ ಆಗವಲ್ದು’ ಅಂದರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಆಗಲೇ ತಿಳಿಯುತ್ತದೆ.

ತಾಳೆಯ ಮಾತು ಬಂದದ್ದಕ್ಕೆ ಒಂದು ಸಂಗತಿ. ‘ಕಿಲೋ’ದಲ್ಲಿರುವ ಲೋ ಅಕ್ಷರದ ಓಕಾರವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಕೂಡಿಡುವ ಪದ್ಧತಿಯಾದ ಯೂನಿಕೋಡಿನಲ್ಲಿ, ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ನೇರವಾಗಿ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಕನ್ನಡ ಆ್ಯಪ್ ಟೆಸ್ಟ್ ಮಾಡುವವರು ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಇಡೀ ದಿನ ಇಲ್ಲದ ತಪ್ಪು ಹುಡುಕುತ್ತ ಕೂರಬೇಕಾಗುತ್ತದೆ.

‘ಮಚ್ಚ’ಕ್ಕೆ ಅಡ್ಡಿಗಳೂ ಇವೆ. ಬೆಂಗಳೂರಿನ ಹುಡುಗರ ‘ಮಚ್ಚಾ’ ತಮಿಳಿನ ಮಚ್ಚಾನ್‌ನಿಂದ ಬಂದದ್ದು, ಕೇಳಿದವರಿಗೆ ಮೊದಲು ಅದೇ ನೆನಪಾಗುತ್ತದೆ. ಕಡಿಯುವ ಮಚ್ಚು ಇನ್ನೊಂದು. ಆದರೆ ವಿಭಕ್ತಿ ಹಚ್ಚಿದಾಗ ದಾರಿ ಬೇರೆಯಾಗುತ್ತದೆ: ಅದು ಮಚ್ಚಿಗೆ, ಮಚ್ಚಿನ, ಇದು ಮಚ್ಚಕ್ಕೆ, ಮಚ್ಚದ. ಬರಹದಲ್ಲಿ ಗೊಂದಲ ಆಗಲಾರದು ಎಂದು ನನ್ನ ನಂಬಿಕೆ.

ಒಮ್ಮೆ ಬಿದ್ದು, ಏನೂ ಬದಲಿಸದೆ ಮತ್ತೆ ಓಡಿಸಿದರೆ ಪಾಸಾಗುವ ಟೆಸ್ಟಿಗೆ ಪ್ಲೇರೈಟಿನಲ್ಲಿ ‘ಫ್ಲೇಕಿ’ ಎನ್ನುತ್ತಾರೆ. ನಾವು ‘ಲಹರಿ ಟೆಸ್ಟ್’ ಅನ್ನುತ್ತೇವೆ, ಲಹರಿ ಬಂದರೆ ಪಾಸ್. ಅದರ ಬಗ್ಗೆ ನನಗೇನೂ ತಕರಾರಿಲ್ಲ.

ಈಗ ಸಹಾಯಕವು ಪ್ರತಿ ಸಲ ಮೊದಲು ಓದುವ ಸೂಚನೆಯ ಫೈಲಿನಲ್ಲಿ ಹೀಗೆ ಬರೆದಿಟ್ಟಿದ್ದೇನೆ: ‘ಮಚ್ಚ ಎಂದರೆ ಎಕ್ಸ್‌ಪೆಕ್ಟ್ ಸಾಲಿನಲ್ಲಿ ಬರೆದ ಉತ್ತರ. ಟೆಸ್ಟ್ ಬಿದ್ದರೆ ಬಟನ್ನಿನ ಹೆಸರು, ಪುಟದ ದಾರಿ ದುರಸ್ತಿ ಮಾಡು. ಮಚ್ಚ ಮುಟ್ಟಬೇಡ. ತಾಳೆ ಆಗದಿದ್ದರೆ ಕಾರಣ ಬರೆದು ನಿಲ್ಲು.’ ‘ಸರಿ ಮಾಡು’ ಎಂಬುದನ್ನು ಆ ಫೈಲಿನಿಂದ ಪೂರ್ತಿ ತೆಗೆದಿದ್ದೇನೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಹಾವೇರಿ, ಶಿರಸಿ, ಬಳ್ಳಾರಿ, ಮೈಸೂರು ಕಡೆಯ ಅಕ್ಕಸಾಲಿಗರಲ್ಲಿ ‘ಮಚ್ಚ’ ಇದೇ ಅರ್ಥದಲ್ಲಿ ಈಗಲೂ ನಡೆಯುತ್ತದೆಯೇ, ಅಥವಾ ಬೇರೆ ಪದ ಇದೆಯೇ? ಅಂಕಿ ತಿದ್ದಿ ಲೆಕ್ಕ ಹೊಂದಿಸುವುದಕ್ಕೂ ತಪ್ಪು ಹುಡುಕಿ ಲೆಕ್ಕ ಹೊಂದಿಸುವುದಕ್ಕೂ ನಿಮ್ಮೂರಿನ ಅಂಗಡಿಗಳಲ್ಲಿ ಬೇರೆ ಬೇರೆ ಮಾತುಗಳಿದ್ದರೆ ದಯವಿಟ್ಟು ಬರೆಯಿರಿ. ಹಿರಿಯರನ್ನು ಕೇಳಿ ತಿಳಿಸಿದರಂತೂ ಬಹಳ ಉಪಕಾರ.