ಸಹಾಯ ಬೇಕು: ಮಳೆಗಾಲಕ್ಕೆ ಮುಂಚೆ ನಮಗೆ ನೆರೆ, ಧರೆ ಕುಸಿತದಲ್ಲಿ ಜನರಿಗೆ ನೆರವಾಗುವ ತರಬೇತಿ ಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಸಮಾಜಸೇವೆ ಮಾಡುವ ಆರು ಜನ ನಾವು.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಒಬ್ಬ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಅವರ ಬಿಪಿ ಮಾತ್ರೆ ಮನೆಯಲ್ಲೇ ಉಳಿಯಿತು. ರಾತ್ರಿಯಿಡೀ ನಮಗೆ ಅದೇ ಭಯ. ಮನಸ್ಸಿದ್ದರೆ ಸಾಲದು, ಕೈಗೆ ಅಭ್ಯಾಸವೂ ಬೇಕು ಅಲ್ವಾ?

ಹಾಸಿಗೆ ಹಿಡಿದವರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆ ಅಂತ ಈಗ ಪಟ್ಟಿ ಮಾಡಿದ್ದೇವೆ. ತುರ್ತು ಸಹಾಯದ 112, ಜಿಲ್ಲಾ ವಿಪತ್ತು ಸಹಾಯವಾಣಿಯ 1077 ನಂಬರ್‌ಗಳನ್ನು ಬಾಗಿಲಿಗೆ ಅಂಟಿಸಿದ್ದೇವೆ. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ), ಹಗ್ಗದ ಗಂಟು, ಧರೆ ಕುಸಿಯುವ ಲಕ್ಷಣ ಗುರುತಿಸುವುದು, ಕಾಳಜಿ ಕೇಂದ್ರ (ಮನೆ ಬಿಟ್ಟು ಬಂದವರಿಗೆ ತಾತ್ಕಾಲಿಕ ಆಶ್ರಯ) ನಡೆಸುವುದು, ಗಾಬರಿಯಾದವರನ್ನು ಮಾತಾಡಿಸುವುದು ಮಾತ್ರ ಇನ್ನೂ ಕಲಿಯಬೇಕು.

ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ ‘ಆಪದ ಮಿತ್ರ’ ತರಬೇತಿ ಪಡೆದವರು, ಅಗ್ನಿಶಾಮಕ ದಳದಲ್ಲಿದ್ದವರು ಯಾರಾದರೂ ಮೇ ತಿಂಗಳಲ್ಲಿ ಎರಡು ದಿನ ಬರುತ್ತೀರಾ? ಊಟ, ವಸತಿ ನಮ್ಮದು. ದಯವಿಟ್ಟು ಮೆಸೇಜ್ ಮಾಡಿ, ಬಸ್‌ಸ್ಟ್ಯಾಂಡಿಗೆ ನಾವೇ ಬರುತ್ತೇವೆ.