ಒಮಾಹಾ ಪೋಕರ್: ಕೈಯಲ್ಲಿ ಇಸ್ಪೀಟಿನ ಎಕ್ಕ ಇದ್ದರೂ ಫ್ಲಶ್ ಏಕೆ ಆಗಲಿಲ್ಲ?

ತೀರ್ಥಹಳ್ಳಿಯ ತೋಟಿಗ:

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಮನೆಯಲ್ಲಿ ಇಪ್ಪತ್ತೆಂಟು ಎಂಬ ಎಲೆಯಾಟ ಆಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಈ ಸಲ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಒಮಾಹಾ ಎಂಬ ಪೋಕರ್ ಆಟವನ್ನು ಪರಿಚಯಿಸಿ ಹೋದ. ಈಗ ಮೊಬೈಲಿನಲ್ಲಿ, ಹಣದ ವ್ಯವಹಾರವಿಲ್ಲದೆ ಉಚಿತ ಚಿಪ್ಪುಗಳಲ್ಲಿ ಆಡುವ ಒಂದು ಆ್ಯಪಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಟೆಕ್ಸಸ್ ಹೋಲ್ಡೆಮ್ ಎಂಬ ಇನ್ನೊಂದು ಬಗೆಯ ಪೋಕರ್ ನನಗೆ ಗೊತ್ತಿದೆ. ಒಮಾಹಾದಲ್ಲಿ ಮಾತ್ರ ಎರಡು ವಿಷಯಗಳು ಬಗೆಹರಿಯುತ್ತಿಲ್ಲ.

ಒಂದನೆಯದು, ನನ್ನ ಕೈಯಲ್ಲಿ ಇಸ್ಪೀಟಿನ ಎಕ್ಕ, ಆಟೀನಿನ ರಾಜ, ಡೈಮಂಡಿನ ರಾಜ ಮತ್ತು ಕಳಾವರಿನ ಏಳು ಇದ್ದವು. ಮೇಜಿನ ಮೇಲೆ, ಎಲ್ಲರಿಗೂ ಸೇರಿದ ಎಲೆಗಳಾಗಿ, ಇಸ್ಪೀಟಿನ ಎರಡು, ಆರು, ಒಂಬತ್ತು, ರಾಣಿ ಹಾಗೂ ಆಟೀನಿನ ನಾಲ್ಕು ಬಿದ್ದವು. ಎಕ್ಕದ ಫ್ಲಶ್ (ಒಂದೇ ಜಾತಿಯ ಐದು ಎಲೆ) ನನ್ನದೇ ಎಂದುಕೊಂಡಿದ್ದಾಗ, ಇಸ್ಪೀಟಿನ ಎಂಟು ಮತ್ತು ಮೂರು ಹಿಡಿದಿದ್ದ ಎದುರಾಳಿಗೆ ಆ್ಯಪ್ ಪಾಟ್, ಅಂದರೆ ಎಲ್ಲರೂ ಕಟ್ಟಿದ ಚಿಪ್ಪುಗಳ ರಾಶಿ, ಕೊಟ್ಟಿತು. ನನ್ನದನ್ನು ರಾಜರ ಜೋಡಿ ಎಂದಷ್ಟೇ ತೋರಿಸಿತು.

ಎರಡನೆಯದು, ಪಾಟ್‌ನಲ್ಲಿ 100 ಚಿಪ್ಪು ಇದ್ದಾಗ ಎದುರಾಳಿ 50 ಕಟ್ಟಿದರು. ನಾನು ಇದ್ದಷ್ಟನ್ನೂ ಕಟ್ಟಲು ಹೋದರೆ 250ಕ್ಕಿಂತ ಹೆಚ್ಚಿಗೆ ಬಿಡಲಿಲ್ಲ. ಈ 250 ಎಲ್ಲಿಂದ ಬಂತು? ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ತುಂಗಾತೀರ, ಶಿವಮೊಗ್ಗ:

ನಮಸ್ಕಾರ. ಆ್ಯಪ್ ಸರಿಯಾಗಿಯೇ ತೀರ್ಮಾನಿಸಿದೆ. ಹೋಲ್ಡೆಮ್‌ನಲ್ಲಿ ಕೈಯ ಎರಡು ಎಲೆ ಮತ್ತು ಮೇಜಿನ ಐದು ಎಲೆ, ಒಟ್ಟು ಏಳರಲ್ಲಿ ಯಾವ ಐದನ್ನಾದರೂ ಆರಿಸಿಕೊಳ್ಳಬಹುದು. ಬೇಕಿದ್ದರೆ ಕೈಯಲ್ಲಿನ ಒಂದೇ ಎಲೆಯನ್ನು ಬಳಸಬಹುದು, ಎರಡನ್ನೂ ಬಿಟ್ಟು ಮೇಜಿನ ಐದನ್ನೇ ಆಡಲೂಬಹುದು. ಒಮಾಹಾದಲ್ಲಿ ಆ ಸ್ವಾತಂತ್ರ್ಯವಿಲ್ಲ. ಕೈಗೆ ನಾಲ್ಕು ಎಲೆ ಬರುತ್ತವೆ, ಆದರೆ ಅವುಗಳಲ್ಲಿ ಎರಡನ್ನು ಮಾತ್ರ, ಮೇಜಿನಿಂದ ಮೂರನ್ನು ಮಾತ್ರ ತೆಗೆದುಕೊಳ್ಳಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಿಮ್ಮ ಕೈಯಲ್ಲಿ ಇಸ್ಪೀಟು ಒಂದೇ ಇತ್ತು. ಮೇಜಿನಿಂದ ಮೂರು ಇಸ್ಪೀಟು ಸೇರಿಸಿದರೂ ನಾಲ್ಕೇ ಆಗುತ್ತವೆ, ಐದನೆಯದು ಬೇರೆ ಜಾತಿಯ ಎಲೆಯಾಗಲೇಬೇಕು. ಎದುರಾಳಿಯ ಕೈಯಲ್ಲಿ ಇಸ್ಪೀಟು ಎರಡಿದ್ದುದರಿಂದ ರಾಣಿ, ಒಂಬತ್ತು, ಎಂಟು, ಆರು, ಮೂರು ಸೇರಿ ಅವರಿಗೆ ಫ್ಲಶ್ ಆಯಿತು.

ಇದೇ ನಿಯಮದಿಂದ ಇನ್ನೊಂದು ಪರಿಣಾಮವೂ ಇದೆ. ನಾಲ್ಕೂ ರಾಜರು ಒಮ್ಮೆಗೇ ಕೈಗೆ ಬಂದರೆ ಹೊಸಬರು ಹಿಗ್ಗುತ್ತಾರೆ, ಆದರೆ ಒಮಾಹಾದಲ್ಲಿ ಅದು ತೀರಾ ಕೆಟ್ಟ ಕೈಗಳಲ್ಲೊಂದು. ಇಬ್ಬರು ರಾಜರು ಮಾತ್ರ ಲೆಕ್ಕಕ್ಕೆ ಬರುತ್ತಾರೆ, ಮಿಕ್ಕ ಇಬ್ಬರು ನಿಮ್ಮ ಕೈಯಲ್ಲೇ ಸತ್ತಂತೆ ಕುಳಿತಿರುವುದರಿಂದ ಮೇಜಿನ ಮೇಲೆ ಮೂರನೆಯ ರಾಜ ಬೀಳುವ ಸಂಭವವೇ ಇರುವುದಿಲ್ಲ.

ಎಲೆ ಕೈಗೆ ಬಂದ ಕೂಡಲೇ ನಾಲ್ಕನ್ನು ಎರಡೆರಡಾಗಿ ಜೋಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾಲ್ಕು ಎಲೆಗಳಿಂದ ಆರು ಜೋಡಿಗಳಾಗುತ್ತವೆ. ಮೇಜಿನ ಐದರಿಂದ ಮೂರನ್ನು ಹತ್ತು ರೀತಿಯಲ್ಲಿ ಆರಿಸಬಹುದು. ಅಂದರೆ ರಿವರ್ (ಮೇಜಿನ ಐದನೆಯ, ಕೊನೆಯ ಎಲೆ) ಬಿದ್ದ ಮೇಲೆ ಪ್ರತಿಯೊಬ್ಬರಿಗೂ 60 ಸಂಯೋಜನೆಗಳಿರುತ್ತವೆ. ಹೋಲ್ಡೆಮ್‌ನಲ್ಲಿ ಗೆಲ್ಲುವ ಎರಡು ಜೋಡಿ ಇಲ್ಲಿ ಸಾಮಾನ್ಯವಾಗಿ ಸೋಲುವುದು ಇದರಿಂದಲೇ. ಚಿಕ್ಕ ಫ್ಲಶ್ ಹಿಡಿದು ದೊಡ್ಡ ಪಣಕ್ಕೆ ಕೈಹಾಕುವುದೂ ಇಲ್ಲಿ ಅಪಾಯವೆಂದೇ ನನ್ನ ಅಭಿಪ್ರಾಯ.

ಸಾಗರದ ಓದುಗ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಮಾಹಾವನ್ನು ಹೆಚ್ಚಾಗಿ ಪಾಟ್ ಲಿಮಿಟ್ ಕ್ರಮದಲ್ಲಿ ಆಡುತ್ತಾರೆ. ಒಬ್ಬರು ಒಂದು ಸಲಕ್ಕೆ ಹೆಚ್ಚೆಂದರೆ ಪಾಟ್‌ನಲ್ಲಿರುವಷ್ಟನ್ನು ಮಾತ್ರ ಏರಿಸಬಹುದು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಪಾಟ್ ಎಷ್ಟೆಂದು ಎಣಿಸುವುದಕ್ಕೆ ಮೊದಲು ನೀವು ಕಾಲ್ ಮಾಡಬೇಕಾದ, ಅಂದರೆ ಎದುರಾಳಿ ಕಟ್ಟಿದ್ದಕ್ಕೆ ಸರಿಸಮವಾಗಿ ಇಡಬೇಕಾದ, ಮೊತ್ತವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಪಾಟ್ 100, ಎದುರಾಳಿಯ 50, ನೀವು ಕಾಲ್ ಮಾಡುವ 50, ಒಟ್ಟು 200. ಅದರ ಮೇಲೆ ನೀವು ಇನ್ನೂ 200 ಏರಿಸಬಹುದು. ಕಾಲ್‌ನ 50 ಮತ್ತು ಏರಿಕೆಯ 200 ಸೇರಿ 250. ಕನಿಷ್ಠ ಏರಿಕೆ ಹಿಂದಿನವರು ಕಟ್ಟಿದಷ್ಟು ಇರಬೇಕು, ಆದ್ದರಿಂದ ಒಟ್ಟು 100ರಿಂದ 250ರವರೆಗೆ ನೀವು ಎಷ್ಟು ಬೇಕಾದರೂ ಇಡಬಹುದಿತ್ತು.

ಆರಂಭದ ಸುತ್ತಿಗೂ ಇದೇ ಕ್ರಮ. ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಪಣ. ಚಿಕ್ಕ ಬ್ಲೈಂಡ್ 5, ದೊಡ್ಡ ಬ್ಲೈಂಡ್ 10 ಇದ್ದರೆ ಪಾಟ್ 15. ಕಾಲ್‌ನ 10 ಸೇರಿದರೆ 25. ಅದರ ಮೇಲೆ 25 ಏರಿಸಿದರೆ ಮೊದಲನೆಯವರು ಇಡಬಹುದಾದ ಗರಿಷ್ಠ 35.

ಮನೆಯಲ್ಲಿ ಕಲಿಸುವುದಾದರೆ ಗೋಟಡಿಕೆಯನ್ನೇ ಚಿಪ್ಪಾಗಿ ಬಳಸಿ. ಕಾಲ್‌ನ ಅಡಿಕೆಯನ್ನು ಮೊದಲು ಮಧ್ಯದ ರಾಶಿಗೆ ದೂಡಿ, ರಾಶಿಯನ್ನು ಎಣಿಸಿ, ಅಷ್ಟೇ ಅಡಿಕೆಯನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ. ನಮ್ಮ ಮನೆಯ ಮಕ್ಕಳಿಗೆ ಸೂತ್ರ ಹೇಳಿದಾಗ ಅರ್ಥವಾಗದ್ದು ಹೀಗೆ ರಾಶಿ ಮಾಡಿ ತೋರಿಸಿದಾಗ ಅರ್ಥವಾಯಿತು.

ಹೈ-ಲೋ ಎಂಬ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಪಾಟ್‌ನ ಅರ್ಧ ದೊಡ್ಡ ಕೈಗೆ, ಅರ್ಧ ಚಿಕ್ಕ ಕೈಗೆ ಸಲ್ಲುತ್ತದೆ. ಚಿಕ್ಕ ಕೈಯ ಐದೂ ಎಲೆಗಳು ಎಂಟು ಅಥವಾ ಅದಕ್ಕಿಂತ ಕಡಿಮೆಯ, ಬೇರೆ ಬೇರೆ ಅಂಕಿಯವಾಗಿರಬೇಕು. ಎಕ್ಕವನ್ನು ಒಂದು ಎಂದು ಎಣಿಸಬಹುದು. ಮೊದಲು ಸಾಮಾನ್ಯ ಒಮಾಹಾ ಕೈವಶವಾಗಲಿ.

ಹೊಸನಗರದ ವಕೀಲ:

ಉಚಿತ ಚಿಪ್ಪುಗಳಲ್ಲಿ ಆಡುತ್ತಿದ್ದೇನೆ ಎಂದು ಬರೆದಿದ್ದೀರಿ; ದಯವಿಟ್ಟು ಅಷ್ಟಕ್ಕೇ ನಿಲ್ಲಿಸಿ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಆ ತೀರ್ಪನ್ನು ನಂಬಿಕೊಂಡು ಈಗಲೂ ಅಡ್ಡಿಯಿಲ್ಲವೆಂದು ಹೇಳುವವರಿದ್ದಾರೆ, ಆದರೆ ಪರಿಸ್ಥಿತಿ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನೇ ಮಾಡದೆ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅಡಿಕೆ ಮಾರಿದ ಹಣ ಇಂಥ ಆ್ಯಪುಗಳಿಗೆ ಹೋಗಿ ಮನೆಗಳಲ್ಲಿ ಜಗಳವಾದುದನ್ನು ನಾನು ನೋಡಿದ್ದೇನೆ, ಆದ್ದರಿಂದ ಕಳಕಳಿಯಿಂದ ಹೇಳುತ್ತಿದ್ದೇನೆ.

ತೀರ್ಥಹಳ್ಳಿಯ ತೋಟಿಗ:

ಎಲ್ಲರಿಗೂ ಧನ್ಯವಾದ. ಎರಡೂ ಸಂದೇಹಗಳು ಪರಿಹಾರವಾದವು, ಹಣದ ಆಟದ ಗೋಜಿಗೂ ಹೋಗುವುದಿಲ್ಲ. ಕೊನೆಯದಾಗಿ ಒಂದು: ನಾನೂ ಅಣ್ಣನೂ ಇಬ್ಬರೇ ಕುಳಿತಾಗ ಚಿಕ್ಕ ಬ್ಲೈಂಡ್ ಯಾರು ಇಡಬೇಕು?

ತುಂಗಾತೀರ, ಶಿವಮೊಗ್ಗ:

ಇಬ್ಬರೇ ಇದ್ದಾಗ ಎಲೆ ಹಂಚುವವರದ್ದೇ ಚಿಕ್ಕ ಬ್ಲೈಂಡ್. ಫ್ಲಾಪ್‌ಗೆ (ಮೇಜಿನ ಮೊದಲ ಮೂರು ಎಲೆ ಬೀಳುವುದಕ್ಕೆ) ಮುಂಚೆ ಅವರೇ ಮೊದಲು ಮಾತಾಡುತ್ತಾರೆ, ಫ್ಲಾಪ್ ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ಅವರು ಕೊನೆಯವರು. ಮೂರು ಜನ ಅಥವಾ ಹೆಚ್ಚು ಇದ್ದರೆ ಹಂಚುವವರ ಎಡಗಡೆಯವರು ಚಿಕ್ಕ ಬ್ಲೈಂಡ್, ಅವರ ಪಕ್ಕದವರು ದೊಡ್ಡ ಬ್ಲೈಂಡ್ ಇಡಬೇಕು. ಪ್ರತಿ ಆಟ ಮುಗಿದಾಗಲೂ ಹಂಚುವ ಸರದಿ ಒಬ್ಬರಂತೆ ಎಡಕ್ಕೆ ಸರಿಯುತ್ತದೆ.