ವರ್ಚುವಾ ಟೆನಿಸ್ 4: ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಹೊಂದುತ್ತದೆಯೇ?

ಬನಶಂಕರಿ ನಿವಾಸಿ:

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ನಿವಾಸಿಯೊಬ್ಬರು ತಮ್ಮ ಹಳೆಯ ಪ್ಲೇಸ್ಟೇಷನ್ 3 ಕನ್ಸೋಲನ್ನು ನಾಲ್ಕು ಕಂಟ್ರೋಲರ್‌ಗಳ ಸಮೇತ ಕೊಟ್ಟಿದ್ದಾರೆ. ಸದ್ಯಕ್ಕೆ ಅದರ ಮುಂದೆ ಕೂರುವವರು ಫುಟ್‌ಬಾಲ್ ಆಡುವ ಕಾಲೇಜು ಹುಡುಗರು ಮಾತ್ರ. ಹತ್ತು ವರ್ಷದ ಮಕ್ಕಳೂ ನಿವೃತ್ತರೂ ಜೊತೆಗೆ ಕೂತು ಆಡುವಂತಹ ಆಟವೊಂದು ಬೇಕೆಂದು ಸಂಘದವರು ನನಗೆ ವಹಿಸಿದ್ದಾರೆ. ನ್ಯಾಷನಲ್ ಮಾರ್ಕೆಟ್‌ನಲ್ಲಿ ವಿಚಾರಿಸಿದಾಗ ವರ್ಚುವಾ ಟೆನಿಸ್ 4 ಮತ್ತು ಟಾಪ್ ಸ್ಪಿನ್ 4 ಎರಡರ ಹಳೆಯ ಡಿಸ್ಕ್‌ಗಳೂ ಸಿಕ್ಕವು. ಎರಡೂ 2011ರಲ್ಲಿ ಬಂದವು. ಮೊದಲನೆಯದು ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರಗಳ) ಶೈಲಿಯದು, ಸುಲಭ ಎಂದು ಅಂಗಡಿಯವರು ಹೇಳಿದರು. ಸುಲಭವೆಂದರೆ ಬೇಗ ಬೇಸರವಾಗುತ್ತದೆ ಎಂದು ಅರ್ಥವೇ? ಬಹುಕಾಲ ಆಡಿದವರು ಇದರ ಗುಣದೋಷಗಳನ್ನು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ನಾಣ್ಯದ ಯಂತ್ರ:

ತಾವು ವಿವರಿಸಿದ ಸನ್ನಿವೇಶಕ್ಕೆ ವರ್ಚುವಾ ಟೆನಿಸ್ 4 ಸರಿಯಾದ ಆಯ್ಕೆ. ಆದರೆ ಯಾವ ಗುಣಕ್ಕೆ ಮನಸೋತು ಅದನ್ನು ಕೊಳ್ಳುತ್ತೀರೋ, ನುರಿತವರಿಗೆ ಮುಂದೆ ಬೇಸರ ತರುವುದೂ ಅದೇ ಗುಣ.

ಈ ಸರಣಿ 1999ರಲ್ಲಿ ಸೆಗಾ ಕಂಪನಿಯ ನಾಣ್ಯ ಹಾಕಿ ಆಡುವ ಯಂತ್ರವಾಗಿ ಹುಟ್ಟಿತು. ಜಪಾನಿನಲ್ಲಿ ಅದಕ್ಕೆ ಪವರ್ ಸ್ಮ್ಯಾಶ್ ಎಂಬ ಹೆಸರಿತ್ತು. ನಾಣ್ಯ ಹಾಕಿದವನಿಗೆ ಒಂದು ನಿಮಿಷದೊಳಗೆ ಆಟ ಅರ್ಥವಾಗಬೇಕು, ಇಲ್ಲದಿದ್ದರೆ ಅವನು ಪಕ್ಕದ ಯಂತ್ರಕ್ಕೆ ಹೋಗಿಬಿಡುತ್ತಾನೆ. ಆದ್ದರಿಂದ ಆ ಮೊದಲ ಯಂತ್ರದಲ್ಲಿ ಇದ್ದದ್ದು ಒಂದು ಜಾಯ್‌ಸ್ಟಿಕ್ ಮತ್ತು ಎರಡೇ ಗುಂಡಿ: ಒಂದು ಹೊಡೆತಕ್ಕೆ, ಇನ್ನೊಂದು ಎದುರಾಳಿಯ ತಲೆಯ ಮೇಲಿಂದ ಎತ್ತಿ ಹೊಡೆಯುವ ಲಾಬ್‌ಗೆ. ನಾಲ್ಕನೆಯ ಆವೃತ್ತಿಯ ವೇಳೆಗೆ ಚೆಂಡನ್ನು ಮುಂದಕ್ಕೆ ತಿರುಗಿಸುವ ಟಾಪ್‌ಸ್ಪಿನ್, ಹಿಂದಕ್ಕೆ ತಿರುಗಿಸುವ ಸ್ಲೈಸ್ ಮತ್ತು ಲಾಬ್‌ಗಳಿಗೆ ಬೇರೆ ಬೇರೆ ಗುಂಡಿಗಳು ಬಂದವಾದರೂ ಮೂಲ ಲೆಕ್ಕಾಚಾರ ಬದಲಾಗಲಿಲ್ಲ.

ಆ ಲೆಕ್ಕಾಚಾರ ಹೀಗಿದೆ. ಚೆಂಡನ್ನು ಯಾವ ಕ್ಷಣದಲ್ಲಿ ಹೊಡೆದಿರಿ ಎನ್ನುವುದಕ್ಕಿಂತ, ಚೆಂಡು ಬರುವ ಜಾಗಕ್ಕೆ ಎಷ್ಟು ಮೊದಲು ಹೋಗಿ ನಿಂತು ಗುಂಡಿ ಒತ್ತಿದಿರಿ ಎನ್ನುವುದು ಮುಖ್ಯ. ಬೇಗ ನಿಂತರೆ ಆಟಗಾರ ರ‍್ಯಾಕೆಟ್ಟನ್ನು ಪೂರ್ತಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಆ ಹೊತ್ತಿನಲ್ಲಿ ದಿಕ್ಕನ್ನು ಒತ್ತಿ ಹಿಡಿದಷ್ಟೂ ಚೆಂಡು ಗೆರೆಯ ಅಂಚಿಗೆ ಸರಿಯುತ್ತದೆ. ತಡವಾದರೆ ಅವನು ಮೈಚಾಚಿ ನೆಲಕ್ಕೆ ಹಾರುತ್ತಾನೆ; ಚೆಂಡು ತಾಗಿದರೂ ಸಪ್ಪೆಯಾಗಿ ಅಂಕಣದ ನಡುವೆ ಹೋಗಿ ಬೀಳುತ್ತದೆ, ಅವನು ಎದ್ದು ನಿಲ್ಲುವಷ್ಟರಲ್ಲಿ ಎದುರಾಳಿ ಖಾಲಿ ಬದಿಗೆ ಹೊಡೆದಿರುತ್ತಾನೆ. ಸೋತವನಿಗೆ ತಾನು ಏಕೆ ಸೋತೆ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ, ಯಾರೂ ವಿವರಿಸಬೇಕಾಗಿಲ್ಲ. ಕಂಟ್ರೋಲರ್ ಮುಟ್ಟಿಯೇ ಇರದವರೂ ಎರಡನೆಯ ಗೇಮಿನ ವೇಳೆಗೆ ಚೆಂಡನ್ನು ಅತ್ತಿಂದಿತ್ತ ಸತತವಾಗಿ ಹೊಡೆಯುವ ರ‍್ಯಾಲಿ ಆಡತೊಡಗುವುದು ಇದರಿಂದಲೇ.

ದೋಷವೂ ಇಲ್ಲಿಂದಲೇ ಹುಟ್ಟುತ್ತದೆ. ಈ ಆಟದಲ್ಲಿ ಚೆಂಡು ಗೆರೆಯಿಂದ ಹೊರಗೆ ಹೋಗುವುದು ಅಪರೂಪ, ನೆಟ್ಟಿಗೆ ಸಿಕ್ಕಿಕೊಳ್ಳುವುದು ಇನ್ನೂ ಅಪರೂಪ. ಪತ್ರಿಕೆಗಳು ಸ್ವಯಂಕೃತ ತಪ್ಪು ಎಂದು ಬರೆಯುತ್ತವಲ್ಲ, ಅದಕ್ಕೆ ಇಲ್ಲಿ ಜಾಗವೇ ಇಲ್ಲ ಎನ್ನಬಹುದು. ಮೂಲೆಗೆ ಗುರಿಯಿಟ್ಟರೆ ಯಾವ ಅಪಾಯವೂ ಇಲ್ಲದಿರುವಾಗ ಅಂಕಣದ ನಡುವೆ ಯಾರು ಹೊಡೆಯುತ್ತಾರೆ? ಗುಟ್ಟು ತಿಳಿದ ಇಬ್ಬರು ಎದುರಾದರೆ ಎಡಮೂಲೆ, ಬಲಮೂಲೆ, ಮತ್ತೆ ಎಡಮೂಲೆ ಎಂದು ಒಬ್ಬ ನೆಲಕ್ಕೆ ಹಾರುವವರೆಗೂ ಅದೇ ನಡೆಯುತ್ತದೆ. ಕಂಪ್ಯೂಟರ್ ಎದುರಾಳಿಯೂ ಇದಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಕಠಿಣ ಹಂತದಲ್ಲಿ ಅದು ವೇಗವಾಗಿ ಓಡುತ್ತದೆಯೇ ಹೊರತು ಬೇರೆ ಯೋಚನೆಯನ್ನೇನೂ ಮಾಡುವುದಿಲ್ಲ.

ಸಂಜೆ ಪಾಳಿ:

ಮೇಲಿನವರು ಹೇಳಿದ್ದಕ್ಕೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಪಂದ್ಯದಲ್ಲಿ ಆಟಗಾರನ ಶೈಲಿಗೆ ಒಪ್ಪುವ ಹೊಡೆತಗಳನ್ನು ಆಡಿದಂತೆ ಪರದೆಯ ಮೇಲಿನ ಒಂದು ಅಳತೆಪಟ್ಟಿ ತುಂಬುತ್ತದೆ. ಅದು ತುಂಬಿದಾಗ ಕ್ಯಾಮೆರಾ ನಿಧಾನಗತಿಗೆ ತಿರುಗಿ ಸೂಪರ್ ಶಾಟ್ ಒಂದನ್ನು ಹೊಡೆಯಬಹುದು. ನೋಡುವವರು ಚಪ್ಪಾಳೆ ತಟ್ಟುತ್ತಾರೆ, ನಿಜ. ಆದರೆ ಕಷ್ಟಪಟ್ಟು ಜಾಗ ಹಿಡಿದು ಕಟ್ಟಿಕೊಂಡು ಬಂದ ರ‍್ಯಾಲಿಯನ್ನು ಅದು ನಡುವೆಯೇ ಕಡಿದುಹಾಕುತ್ತದೆ. ಈ ಸರಣಿಗೆ ಇದು ಬೇಕೇ ಇರಲಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ಒಬ್ಬರೇ ಆಡುವ ವರ್ಲ್ಡ್ ಟೂರ್. ಅದು ಹಾವು-ಏಣಿಯಂತಹ ಬೋರ್ಡ್ ಆಟದಂತಿದೆ. ಕೈಯಲ್ಲಿರುವ ಟಿಕೆಟಿನ ಮೇಲೆ ಎಷ್ಟು ಅಂಕಿ ಇದೆಯೋ ಅಷ್ಟೇ ಮನೆ ಮುಂದಕ್ಕೆ ಹೋಗಬೇಕು. ಪಂದ್ಯಾವಳಿಯ ಮನೆ ಎರಡು ಹೆಜ್ಜೆ ಮುಂದಿದ್ದು ಕೈಯಲ್ಲಿ ಮೂರು ಮತ್ತು ನಾಲ್ಕರ ಟಿಕೆಟ್‌ಗಳೇ ಇದ್ದರೆ ಅದನ್ನು ದಾಟಿಕೊಂಡು ಹೋಗುವುದು ಬಿಟ್ಟು ಬೇರೆ ದಾರಿಯಿಲ್ಲ. ಟೆನಿಸ್ ಚೆನ್ನಾಗಿ ಆಡಿದರೂ ಟಿಕೆಟ್ ಕೈಕೊಟ್ಟಿತೆಂದು ಹಿಂದೆ ಬೀಳುವುದು ಕಿರಿಕಿರಿಯೇ. ಆದರೆ ಅದರೊಳಗಿನ ಕಿರು ಆಟಗಳು ಸೊಗಸಾಗಿವೆ. ಹಾರಿಬರುವ ಚೆಂಡುಗಳಿಂದ ತಪ್ಪಿಸಿಕೊಳ್ಳುತ್ತಾ ಮರಿಗಳನ್ನು ತಾಯಿಕೋಳಿಯ ಬಳಿಗೆ ಸೇರಿಸುವ ಆಟವೊಂದಿದೆ. ಅದು ತಮಾಷೆಯೆನಿಸಿದರೂ ಅಂಕಣದಲ್ಲಿ ಹೆಜ್ಜೆ ಇಡುವ ಅಭ್ಯಾಸ ಮಾಡಿಸುತ್ತದೆ. ಮಕ್ಕಳು ಮುಖ್ಯ ಪಂದ್ಯವನ್ನು ಬಿಟ್ಟು ಅದನ್ನೇ ಕೇಳಿದರೆ ಆಶ್ಚರ್ಯಪಡಬೇಡಿ.

ಬೇಸ್‌ಲೈನ್:

ಕಬ್ಬನ್ ಪಾರ್ಕಿನಲ್ಲಿ ವಾರಾಂತ್ಯಗಳಲ್ಲಿ ನಿಜವಾದ ರ‍್ಯಾಕೆಟ್ ಹಿಡಿಯುವವನಾಗಿ ನನಗೆ 'ನಾಣ್ಯದ ಯಂತ್ರ' ಅವರ ಮಾತಿನಲ್ಲಿ ಅರ್ಧ ಒಪ್ಪಿಗೆ. ಸಿಂಗಲ್ಸ್ ಬಗ್ಗೆ ಅವರು ಬರೆದದ್ದು ಸರಿ. ಆದರೆ ತಪ್ಪುಗಳನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಜಾಗ ಹಿಡಿಯುವ ಕಲೆಯೊಂದೇ ಆದ್ದರಿಂದ, ನಾಲ್ವರು ಕೂತು ಡಬಲ್ಸ್ ಆಡಿದಾಗ ಈ ಆಟ ಬೇರೆಯೇ ಆಗಿಬಿಡುತ್ತದೆ. ಒಬ್ಬರು ನೆಟ್ಟಿನ ಬಳಿ ನಿಂತು, ಚೆಂಡು ನೆಲಕ್ಕೆ ತಾಗುವ ಮುನ್ನವೇ ಹೊಡೆಯುವ ವಾಲಿಗೆ ಕಾಯುತ್ತಿದ್ದರೆ ಮೂಲೆಯಿಂದ ಮೂಲೆಗೆ ಹೊಡೆಯುವ ಸುಲಭದ ಉಪಾಯ ನಡೆಯುವುದಿಲ್ಲ. ಅವರ ತಲೆಯ ಮೇಲಿಂದ ಲಾಬ್ ಎತ್ತಬೇಕು, ಆಗ ಹಿಂದಿನವರು ಓಡಿಬರಬೇಕು, ಮುಂದಿನವರು ಅವರ ಜಾಗಕ್ಕೆ ಸರಿಯಬೇಕು. 'ನೀವು ಹಿಡೀರಿ', 'ಬಿಡಿ, ನಂದು' ಎಂಬ ಕೂಗಾಟ ಸೋಫಾದ ಮೇಲೂ ಶುರುವಾಗುತ್ತದೆ. 43ನೆಯ ವಯಸ್ಸಿನಲ್ಲಿ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರು ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಪ್ರಶಸ್ತಿ ಗೆದ್ದಾಗ ಕಂಡದ್ದೂ ಓಟಕ್ಕಿಂತ ಹೆಚ್ಚಾಗಿ ನಿಲ್ಲುವ ಜಾಗದ ಅರಿವು. ತಮ್ಮಲ್ಲಿ ನಾಲ್ಕು ಕಂಟ್ರೋಲರ್‌ಗಳಿವೆ ಎಂದಿರಿ. ನನ್ನ ಮಟ್ಟಿಗೆ ಚರ್ಚೆ ಅಲ್ಲಿಗೇ ಇತ್ಯರ್ಥವಾಗುತ್ತದೆ.

ಟಾಪ್ ಸ್ಪಿನ್ 4 ಟೆನಿಸ್ಸಿಗೆ ಹೆಚ್ಚು ಹತ್ತಿರವಾದ ಆಟ ಎನ್ನುವುದರಲ್ಲಿ ಅನುಮಾನವಿಲ್ಲ. ಅಲ್ಲಿ ಗುಂಡಿಯನ್ನು ತಟ್ಟಿ ಬಿಟ್ಟರೆ ನಿಯಂತ್ರಣದ ಹೊಡೆತ, ಒತ್ತಿ ಹಿಡಿದು ಬಿಟ್ಟರೆ ಬಲದ ಹೊಡೆತ. ಬಿಟ್ಟ ಗಳಿಗೆ ಬೇಗವಾಯಿತೋ ತಡವಾಯಿತೋ ಎಂದು ಪ್ರತಿ ಸಲವೂ ತಿಳಿಸುತ್ತದೆ. ಆಟಗಾರ ದಣಿಯುತ್ತಾನೆ, ದಣಿದವನು ತಪ್ಪು ಮಾಡುತ್ತಾನೆ. ವಿಂಬಲ್ಡನ್ ಬಿಟ್ಟು ಉಳಿದ ಮೂರು ಗ್ರ್ಯಾಂಡ್‌ಸ್ಲಾಂ ಅಂಕಣಗಳು ಅಲ್ಲಿವೆ. ವರ್ಚುವಾ ಟೆನಿಸ್‌ನಲ್ಲಿ ಒಂದೂ ಇಲ್ಲ, ಎಲ್ಲವೂ ಕಲ್ಪಿತ ಪಂದ್ಯಾವಳಿಗಳೇ. ಆದರೆ ಟಾಪ್ ಸ್ಪಿನ್‌ನಲ್ಲಿ ಅಭ್ಯಾಸವಿರುವವರ ಎದುರು ಹೊಸಬರು ಕೂತರೆ ಪಾಯಿಂಟ್‌ಗಳು ಎರಡು ಮೂರು ಹೊಡೆತಗಳಲ್ಲೇ ಮುಗಿದುಹೋಗುತ್ತವೆ, ಆಮೇಲೆ ಆ ಹೊಸಬರು ಮತ್ತೆ ಬರುವುದಿಲ್ಲ.

ನಿವೃತ್ತರಿಗೆ ಹೇಳಲು ಇನ್ನೊಂದು ಮಾತು. ವರ್ಚುವಾ ಟೆನಿಸ್ 4ರಲ್ಲಿ ಫೆಡರರ್, ನಡಾಲ್, ಜೊಕೊವಿಚ್, ಶರಪೋವಾ ಅವರ ಜೊತೆಗೆ ಬೋರಿಸ್ ಬೆಕರ್, ಸ್ಟೀಫನ್ ಎಡ್‌ಬರ್ಗ್ ಮತ್ತು ಪ್ಯಾಟ್ ರಾಫ್ಟರ್ ಕೂಡ ಇದ್ದಾರೆ, ಅದೂ ನಿಮ್ಮಲ್ಲಿರುವ ಪ್ಲೇಸ್ಟೇಷನ್ 3ರ ಆವೃತ್ತಿಯಲ್ಲೇ. ಬೆಕರ್ ಮತ್ತು ಎಡ್‌ಬರ್ಗ್ 1988, 1989 ಮತ್ತು 1990ರ ವಿಂಬಲ್ಡನ್ ಫೈನಲ್‌ಗಳಲ್ಲಿ ಸತತವಾಗಿ ಎದುರಾಗಿ, ಮೊದಲನೆಯದನ್ನೂ ಕೊನೆಯದನ್ನೂ ಎಡ್‌ಬರ್ಗ್ ಗೆದ್ದದ್ದನ್ನು ಟಿವಿಯಲ್ಲಿ ನೋಡಿದವರು ನಿಮ್ಮ ಕಟ್ಟಡದಲ್ಲಿ ಖಂಡಿತ ಇರುತ್ತಾರೆ.

ಬನಶಂಕರಿ ನಿವಾಸಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಒಂದೇ ಪರದೆಯಲ್ಲಿ ಆಡುವಾಗ ದೂರದ ಬದಿಯಲ್ಲಿರುವವರಿಗೆ ಅನ್ಯಾಯವಾಗುವುದಿಲ್ಲವೇ? ಕೈಬೀಸಿ ಆಡುವ ಮೂವ್ ಕಂಟ್ರೋಲರ್ ಕೊಂಡರೆ ಹಿರಿಯರಿಗೆ ಅನುಕೂಲವಾದೀತೇ?

ನಾಣ್ಯದ ಯಂತ್ರ:

ಡಬಲ್ಸ್ ಬಗ್ಗೆ 'ಬೇಸ್‌ಲೈನ್' ಅವರು ಹೇಳಿದ್ದು ನ್ಯಾಯವಾದ ಮಾತು. ನನ್ನ ದೂರು ಸಿಂಗಲ್ಸ್‌ಗೆ ಸೀಮಿತ.

ದೂರದ ಬದಿಯಲ್ಲಿ ಆಟಗಾರ ಚಿಕ್ಕವನಾಗಿ ಕಾಣುತ್ತಾನೆ, ಚೆಂಡಿನ ಆಳವನ್ನು ಅಂದಾಜು ಮಾಡುವುದೂ ಕಷ್ಟ. ಹೊಸಬರನ್ನು ಹತ್ತಿರದ ಬದಿಯಲ್ಲಿ ಕೂರಿಸಿ, ನುರಿತವರು ದೂರದ ಬದಿಯನ್ನು ತೆಗೆದುಕೊಂಡರೆ ಈ ದೋಷವನ್ನೇ ಸರಿಸಮ ಮಾಡುವ ಉಪಾಯವಾಗಿ ಬಳಸಬಹುದು.

ಮೂವ್‌ಗೆ ಹಣ ಹಾಕಬೇಡಿ. ಅದಕ್ಕೆ ಕ್ಯಾಮೆರಾವನ್ನೂ ಬೇರೆಯಾಗಿ ಕೊಳ್ಳಬೇಕು. ಆ ವಿಧಾನದಲ್ಲಿ ಆಟಗಾರ ತಾನಾಗಿಯೇ ಓಡುತ್ತಾನೆ, ನಮಗೆ ಉಳಿಯುವುದು ಕೈ ಬೀಸುವುದಷ್ಟೇ. ಜಾಗ ಹಿಡಿಯುವುದೇ ಈ ಆಟದ ಜೀವಾಳವಾಗಿರುವಾಗ ಅದನ್ನೇ ಕಿತ್ತುಕೊಂಡರೆ ಏನು ಉಳಿಯುತ್ತದೆ? ಹಿರಿಯರಿಗೆ ಸಾಮಾನ್ಯ ಕಂಟ್ರೋಲರ್ ಕೊಟ್ಟು, ಮೊದಲ ದಿನ ಟಾಪ್‌ಸ್ಪಿನ್ ಗುಂಡಿಯೊಂದನ್ನೇ ತೋರಿಸಿ. ಲಾಬ್ ಮತ್ತು ಸ್ಲೈಸ್ ಅವರೇ ಕೇಳಿದಾಗ ಹೇಳಿಕೊಡಿ. ಡಿಸ್ಕ್ ಕೊಳ್ಳುವ ಮುನ್ನ ಅಂಗಡಿಯಲ್ಲೇ ಹಾಕಿಸಿ ಒಂದು ಡಬಲ್ಸ್ ಪಂದ್ಯ ಪೂರ್ತಿ ನಡೆಯುವವರೆಗೆ ನೋಡಿ, ಗೀರು ಬಿದ್ದ ಡಿಸ್ಕ್‌ಗಳು ಮೆನುವಿನವರೆಗೆ ಸರಿಯಾಗಿಯೇ ಬಂದು ಪಂದ್ಯ ಲೋಡ್ ಆಗುವಾಗ ನಿಂತುಬಿಡುವುದುಂಟು.